ರಾಬರ್ಟನ ಮಕ್ಕಳು

ಐಸ್‌ಲ್ಯಾಂಡಿನ ಹೂಸವೀಕ್ ಬಂದರಿನಲ್ಲಿ ಕಟ್ಟಿದ್ದ ದೋಣಿಯಲ್ಲಿ ಮೂವರಿಗೆ ಮಾತ್ರ ಸ್ಥಳವಿತ್ತು. ಎಂಜಿನ್ನಿನ ಬಳಿ ಅಜ್ಜಿ ಇರಲೇಬೇಕು. ಅದನ್ನು ನಡೆಸಬಲ್ಲವಳು ಆಕೆಯೊಬ್ಬಳೇ. ಮುಂಭಾಗದಲ್ಲಿ ಅಜ್ಜ ಕೂರುತ್ತಿದ್ದ. ಅಜ್ಜಿಗೆ ದಾರಿ ಗೊತ್ತಿದ್ದರೂ ಅದನ್ನು ಹೇಳುವ ಹಕ್ಕು ತನ್ನದೆಂದು ಅವನ ನಂಬಿಕೆ. ಉಳಿದ ಒಂದು ಜಾಗಕ್ಕೆ ಹತ್ತು ವರ್ಷದ ಸುನ್ನಾ ಮತ್ತು ಅವಳ ಅಣ್ಣ ಕೌರಿ ಬೇಸಿಗೆಯುದ್ದಕ್ಕೂ ಕಿತ್ತಾಡಿದ್ದರು. ಎದುರಿನ ದ್ವೀಪದಲ್ಲಿ ಗೂಡು ಕಟ್ಟುವ ಪಫಿನ್ ಎಂಬ ಕಡಲಹಕ್ಕಿಗಳು ಇನ್ನೇನು ಅದನ್ನು ಬಿಟ್ಟು ಹಾರಲಿದ್ದವು. ಅವನ್ನು ನೋಡಲು ಇದೇ ಕೊನೆಯ ಪ್ರಯಾಣ.

ಜಗಳ ಕೇಳಿ ಕೇಳಿ ರೋಸಿದ ಅಜ್ಜ, ಅವರ ರಜೆಯ ಪಾಠವನ್ನೇ ಪಂದ್ಯವಾಗಿಸಿದ. ‘ಗುಹೆಯೊಳಗಿನ ದೀಪಸ್ತಂಭ’ ಎಂಬ, ಸ್ಕಾಟ್ಲೆಂಡಿನ ಮಕ್ಕಳ ಸಾಹಸ ಕಾದಂಬರಿಯ ಅನುವಾದವನ್ನು ಇಬ್ಬರೂ ಓದಿದ್ದರು. ಅದರಲ್ಲಿನ ಕುಟುಂಬ, ನಂಬಿಕೆ, ಪೈಪೋಟಿಗಳನ್ನು ಯಾರು ಚೆನ್ನಾಗಿ ವಿವರಿಸುವರೋ ಅವರಿಗೆ ಜಾಗ.

ಬಂದರಿನ ಪಕ್ಕದ ಮನೆಯಲ್ಲಿ ಅಜ್ಜ ಒಣಮೀನಿಗೆ ಬೆಣ್ಣೆ ಸವರುತ್ತ ಕೇಳಲು ಕುಳಿತ. ಸುನ್ನಾ ಮೊದಲು ಎದ್ದಳು. ನಿಧಿ ಹುಡುಕುವ ಹುಡುಗ ಟಾಮ್ ರಾಬರ್ಟ್‌ಸನ್. ಅವನ ತಂದೆ ಹೆನ್ರಿ ರಾಬರ್ಟ್‌ಸನ್. ನಕ್ಷೆ ಬಚ್ಚಿಡುವ ಅಜ್ಜ ಎಡ್ವಿನ್ ರಾಬರ್ಟ್‌ಸನ್. ಐಸ್‌ಲ್ಯಾಂಡಿನಲ್ಲಿ ಮನೆತನದ ಹೆಸರಿಲ್ಲ, ತಂದೆಯ ಹೆಸರಿಗೇ ಮಗನಾದರೆ ‘ಸನ್’, ಮಗಳಾದರೆ ‘ದೋತ್ತಿರ್’ ಸೇರುತ್ತದೆ. ಗುನ್ನಾರನ ಮಗಳಾದ ತಾನು ಗುನ್ನಾರ್ಸ್‌ದೋತ್ತಿರ್, ಮಗನಾದ ಕೌರಿ ಗುನ್ನಾರ್ಸನ್ ಆಗಿರುವಾಗ, ಆ ಮೂವರೂ ರಾಬರ್ಟನೆಂಬ ಒಬ್ಬನೇ ತಂದೆಯ ಮಕ್ಕಳೆಂಬುದು ಸ್ಪಷ್ಟ. ಪುಟ್ಟ ತಮ್ಮನ ಎದುರು ಅಪ್ಪ, ಅಜ್ಜ ಎಂದು ನಟಿಸುವ ಅಣ್ಣಂದಿರನ್ನು ನಂಬುವುದಾದರೂ ಹೇಗೆ?

“ಅಮ್ಮ ಮಾರ್ಥಾನೂ ರಾಬರ್ಟ್‌ಸನ್ನೇ ಅಜ್ಜ. ಮಗಳಲ್ಲ, ಮಗ. ಸೀರಿಯಸ್ಸಾಗಿ ಹೆಂಗಸಿನ ವೇಷ ಹಾಕಿದಾಳೆ. ಅಲ್ಲಲ್ಲ, ಹಾಕಿದಾನೆ.”

ಅಜ್ಜನ ಬೆಣ್ಣೆಚಾಕು ಅರ್ಧಕ್ಕೇ ನಿಂತಿತು. “ಈ ರಾಬರ್ಟ್ ಎಲ್ಲಿ ಬರ್ತಾನೆ?”

“ಒಂದ್ಸಲಾನೂ ಬರಲ್ಲ. ಅದೇ ರಹಸ್ಯ.”

ಕೌರಿ ಕೆಮ್ಮು ಬರುವಷ್ಟು ನಕ್ಕ. ಹೊರದೇಶಗಳಲ್ಲಿ ಯಾವುದೋ ಮುತ್ತಾತನ ಹೆಸರು ಇಡೀ ಮನೆತನಕ್ಕೆ ಅಂಟಿಕೊಳ್ಳುತ್ತದೆ, ಮದುವೆಯಾಗಿ ಬಂದವಳಿಗೂ ಅದೇ ಹೆಸರು ಎಂದು ಫುಟ್‌ಬಾಲ್ ಆಟಗಾರರ ಉದಾಹರಣೆ ಸಹಿತ ವಿವರಿಸಿದ.

“ಅಂದ್ರೆ, ಮದ್ವೆ ಆದ ತಕ್ಷಣ ಹೆಂಗಸು ಯಾವನೋ ಸತ್ತೋದವನ ಮಗ ಆಗ್ಬಿಡ್ತಾಳಾ?”

“ಹೂಂ ಅಜ್ಜ.”

“ಸುಳ್ಳು ಹೇಳಿದ್ರೂ ನಂಬೋ ಹಂಗೆ ಹೇಳೋ, ಮಗಾ.”

ಜಾಗ ಸುನ್ನಾಳಿಗೆ ದಕ್ಕಿತು. ಆದರೆ ಕೌರಿಯ ಕಿವಿಗಳು ಕೆಂಪಾಗಿದ್ದುದನ್ನು ಅವಳು ಗಮನಿಸಿದಳು. ಬೇರೆ ಯಾವುದರ ಬಗ್ಗೆಯಾದರೂ ಅವನು ಸುಳ್ಳು ಹೇಳಿಯಾನು, ಫುಟ್‌ಬಾಲಿನ ಬಗ್ಗೆ ಎಂದೂ ಹೇಳುವವನಲ್ಲ. ಹಾಗಾದರೆ ಅವನು ಹೇಳಿದ್ದೇ ನಿಜ. ತಾನು ಗೆದ್ದದ್ದು ಶುದ್ಧ ತಪ್ಪಿನಿಂದ. ಒಪ್ಪಿಕೊಂಡರೆ ಜಾಗ ಕೈತಪ್ಪುತ್ತದೆ.

ಅಷ್ಟರಲ್ಲಿ ಅಜ್ಜಿ ಬಂದರಿನಿಂದ ಕೂಗಿದಳು. ಅಜ್ಜ ಅಲುಗಲಿಲ್ಲ. ಪುಸ್ತಕ ಕೈಗೆತ್ತಿಕೊಂಡು, ಆ ರಾಬರ್ಟನನ್ನು ಹಿಡಿಯದೆ ತಾನು ಏಳುವುದಿಲ್ಲವೆಂದು ಮೊದಲ ಪುಟ ತೆರೆದ.

ಸುನ್ನಾ ಸತ್ಯ ಹೇಳಲು ಬಾಯಿ ತೆರೆದಳು. ಕೌರಿ ಅವಳ ಕಾಲು ತುಳಿದ.

“ಎಂಟನೇ ಅಧ್ಯಾಯದಲ್ಲಿ ಯಾರೋ ಕತ್ತಲಲ್ಲಿ ಕೆಮ್ತಾರೆ ಅಜ್ಜ,” ಎಂದ ಅವನು ಗಂಭೀರವಾಗಿ. “ಯಾರು ಅಂತ ಹೇಳಿಲ್ಲ.”

ಸುನ್ನಾ ಅಣ್ಣನ ಮುಖ ನೋಡಿದಳು. ಅರ್ಥವಾಯಿತು. “ಹದಿನಾಲ್ಕರಲ್ಲಿ ಸೀನ್ತಾರೆ,” ಎಂದು ಸೇರಿಸಿದಳು.

“ಅವನೇ,” ಎಂದ ಅಜ್ಜ, ಕನ್ನಡಕ ಏರಿಸಿಕೊಂಡು.

ಇಬ್ಬರೂ ಓಡಿ ದೋಣಿ ಹತ್ತಿದರು. ಅಜ್ಜ ಎಲ್ಲಿ ಎಂದು ಅಜ್ಜಿ ಕೇಳಿದಾಗ, ಯಾರನ್ನೋ ಹುಡುಕುತ್ತಿದ್ದಾನೆ ಎಂದರು. ಹುಡುಕಲಿ ಪಾಪ, ಎಂದು ಆಕೆ ತಡಮಾಡದೆ ಎಂಜಿನ್ ಚಾಲೂ ಮಾಡಿದಳು. ಅಲೆತಡೆ ಗೋಡೆ ದಾಟುವ ಮೊದಲೇ, ಮುಂಭಾಗದಲ್ಲಿ ಖಾಲಿ ಬಿದ್ದ ಅಜ್ಜನ ಜಾಗ ಯಾರದೆಂಬ ಜಗಳ ಶುರುವಾಗಿತ್ತು.