ಮೇಸ್ತ್ರಿಯ ಔಷಧಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಶಾಲೆಯ ವ್ಯಾನು ಓಡಿಸುವವಳಿಗೆ ಅದು ಇನ್ನೆಲ್ಲಿ ಇರಬೇಕು? ಬೆಳಿಗ್ಗೆ ಕಂಡವರ ಮಕ್ಕಳನ್ನು ಶಾಲೆಗೆ ಮುಟ್ಟಿಸಿದ ಮೇಲೆ ಸಂಜೆಯವರೆಗೆ ವ್ಯಾನು ಖಾಲಿ. ಆ ಹೊತ್ತಿನಲ್ಲಿ ಪ್ರಾಣಿ ಆಸರೆಯ ಕೆಲಸ ಮಾಡುತ್ತೇನೆ. ಸಂಬಳವಿಲ್ಲದ ಕೆಲಸ, ಆದ್ದರಿಂದ ಯಾರ ಮಾತೂ ಕೇಳಬೇಕಾಗಿಲ್ಲ.

ಆಸರೆ ಎಂದರೆ ಮುಚ್ಚಿಹೋದ ಛಾಪಖಾನೆಯ ಹಿಂದಿನ ಶೆಡ್ಡು. ಒಂದಷ್ಟು ಪಂಜರ, ಒಂದು ಉಕ್ಕಿನ ಮೇಜು, ಗುರುಗುಟ್ಟುವ ಹಳೆಯ ಫ್ರಿಜ್ಜು, ನಿವೃತ್ತರಾದ ಒಬ್ಬ ಪಶುವೈದ್ಯರು. ಸಾಕಲು ಕೈಲಾಗುತ್ತಿಲ್ಲ ಎಂದು ಯಾರ ಮನೆಯ ಪ್ರಾಣಿಯನ್ನೂ ಕಿತ್ತು ತರಬಾರದು, ಅದಕ್ಕೆ ಬೇಕಾದ್ದನ್ನು ಆ ಮನೆಗೇ ಮುಟ್ಟಿಸಬೇಕು ಎನ್ನುವುದು ಡಾಕ್ಟರ ಹಟ. "ಪಂಜರ ತುಂಬಿಸೋಕೆ ಯಾರಿಗಾದ್ರೂ ಬರತ್ತಮ್ಮ. ಮನೆ ಖಾಲಿ ಆಗದ ಹಾಗೆ ನೋಡ್ಕೊಳ್ಳೋದು ಕಷ್ಟ" ಎನ್ನುತ್ತಾರೆ. ಹಾಗಾಗಿ ಬೆಳಿಗ್ಗೆ ಮಕ್ಕಳ ಚೀಲ ಇದ್ದ ಸೀಟಿನ ಮೇಲೆ ಮಧ್ಯಾಹ್ನ ನಾಯಿ ಬೆಕ್ಕುಗಳ ತಿನಿಸಿನ ಚೀಲ ಇರುತ್ತದೆ. ಮಕ್ಕಳು ವಾಸನೆ ಎಂದು ಮೂಗು ಮುಚ್ಚಿಕೊಂಡರೆ, ನಿಮ್ಮ ಸಾಕ್ಸಿಗಿಂತ ವಾಸಿ ಎಂದು ನಾನೂ ಬಿಡುವುದಿಲ್ಲ.

ನಮಗೆ ಔಷಧಿ ಹೆಚ್ಚಾಗಿ ಬರುವುದು ಸಾವಿನ ಮನೆಗಳಿಂದ. ಕಾಯಿಲೆಯವರು ತೀರಿಕೊಂಡ ಮೇಲೆ ಉಳಿದದ್ದನ್ನು ಎಸೆಯಲು ಮನಸ್ಸು ಬಾರದೆ ಜನ ತಂದುಕೊಡುತ್ತಾರೆ. ಮನುಷ್ಯರ ಇನ್ಸುಲಿನ್ ಬೆಕ್ಕಿಗೂ ನಾಯಿಗೂ ಆಗುತ್ತದೆ ಎಂದು ನಾನು ತಿಳಿದದ್ದು ಅಲ್ಲೇ. ಇದು ಯಾರ ಮನೆಯದು ಎಂದು ಮಾತ್ರ ನಾವು ಹೇಳುವುದಿಲ್ಲ. ಸತ್ತವರ ಸುದ್ದಿ ಕೇಳಿದರೆ ಸೂಜಿ ಹಿಡಿದ ಕೈ ನಡುಗುತ್ತದೆ ಎಂದು ಡಾಕ್ಟರು ಮಾಡಿದ ನಿಯಮ ಅದು.

ಗೋಡೆಗೆ ಬಣ್ಣ ಬಳಿಯುವ ಒಬ್ಬ ಪೇಂಟರನ ಮನೆಗೆ ನಾನು ಮೊದಲು ಹೋದದ್ದು ಇನ್ಸುಲಿನ್ ಹಿಡಿದುಕೊಂಡೇ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೂವರೆ ಕೋಣೆ. ಊರಿನ ಸಿರಿವಂತರ ಮನೆಗಳಲ್ಲಿ ಮಿಕ್ಕ ಬಣ್ಣವೆಲ್ಲ ಅಲ್ಲಿತ್ತು, ಒಂದೊಂದು ಗೋಡೆಗೆ ಒಂದೊಂದು. ಅವನ ಮಗಳಿಗೆ ಹುಟ್ಟಿದಾಗಿನಿಂದ ಗುಬ್ಬಿ ಎಂದೇ ಹೆಸರು. ಅವಳಿಗೆ ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದಿತ್ತು, ದಿನವೂ ಸೂಜಿ ಚುಚ್ಚಿಕೊಳ್ಳದಿದ್ದರೆ ಬದುಕಿಲ್ಲ. ಮುದಿ ಬೆಕ್ಕಿಗೂ ಅದೇ ಕಾಯಿಲೆ ಎಂದು ತಿಳಿದ ದಿನದಿಂದ ಹುಡುಗಿ ಕದ್ದು ತನ್ನ ಪಾಲಿನ ಹನಿಗಳನ್ನು ಬೆಕ್ಕಿಗೆ ಚುಚ್ಚುತ್ತಿದ್ದಳು. ತಾಯಿ ಗಾಬರಿಯಾಗಿ ಬೆಕ್ಕನ್ನು ಎತ್ತಿಕೊಂಡು ಶೆಡ್ಡಿಗೆ ಬಂದು, ಇದನ್ನು ಇಟ್ಟುಕೊಳ್ಳಿ ಎಂದಿದ್ದಳು. ಡಾಕ್ಟರು ಬೆಕ್ಕನ್ನು ವಾಪಸು ಕೊಟ್ಟು, ಅದರ ಔಷಧಿ ಇನ್ನು ಮೇಲೆ ನಮ್ಮದು, ಮಗುವಿನದನ್ನು ಮುಟ್ಟಬೇಡಿ ಎಂದರು.

ಬೆಕ್ಕಿನ ಹೆಸರು ಮೇಸ್ತ್ರಿ. ಹೆಣ್ಣು ಬೆಕ್ಕೇ, ಆದರೆ ಎತ್ತರದಲ್ಲಿ ಕೂತು ಉಳಿದವರು ಸರಿಯಾಗಿ ಕೆಲಸ ಮಾಡುತ್ತಿದ್ದಾರೆಯೇ ಎಂದು ನೋಡುವುದು ಬಿಟ್ಟರೆ ಕಡ್ಡಿ ಎತ್ತಿ ಇಟ್ಟದ್ದಿಲ್ಲ. ಮೈಯೆಲ್ಲ ಬಿಳಿ, ಎಡಗಣ್ಣಿನ ಮೇಲೆ ಮಾತ್ರ ಅಂಗೈಯಲ್ಲಿ ಮುಚ್ಚಿದ ಹಾಗೆ ಕಂದು ಮಚ್ಚೆ. ಫ್ರಿಜ್ಜಿಲ್ಲದ ಮನೆ, ಇಬ್ಬರ ಔಷಧಿಯೂ ಮೂಲೆಯ ನೀರಿನ ಮಡಕೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ತೇಲುತ್ತಿತ್ತು. ಮೇಸ್ತ್ರಿ ಆ ಮಡಕೆಯ ತಂಪಿಗೆ ಬೆನ್ನು ಒತ್ತಿಕೊಂಡು ಮಲಗುತ್ತಿತ್ತು.

"ಗುಬ್ಬಿಗೂ ಬೆಕ್ಕಿಗೂ ಸ್ನೇಹ ಅನ್ನೋದನ್ನ ನಿಮ್ಮ ಮನೇಲೇ ನೋಡಿದ್ದು ಕಣೇ" ಎಂದೆ.

"ಇಬ್ರಿಗೂ ಸಿಹಿ ಕೊಡಲ್ವಲ್ಲ ಅತ್ತೆ, ಅದಕ್ಕೆ" ಎಂದಳು ಗುಬ್ಬಿ. ವ್ಯಾನಿನವಳಾದ್ದರಿಂದ ನಾನು ಅವಳಿಗೆ ವ್ಯಾನತ್ತೆ.

ಒಂದು ವರ್ಷ ಹಾಗೇ ನಡೆಯಿತು. ಆಮೇಲೆ ಪೇಂಟರ್ ಹಲಗೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಹೆಂಡತಿ ಒಂದು ಲಾಡ್ಜಿನಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಆ ದಿನಗಳಲ್ಲೇ ಬೆಕ್ಕಿನ ಬಾಟಲಿ ಬೇಗ ಬೇಗ ಮುಗಿಯತೊಡಗಿತು. ಬೆಕ್ಕಿಗೆ ಬೇಕಾಗುವುದು ಇಷ್ಟೇ ಇಷ್ಟು, ಒಂದು ಬಾಟಲಿ ಎಷ್ಟೋ ವಾರ ಬರಬೇಕು. ಕೇಳಿದರೆ ಕೈಜಾರಿ ಒಡೆಯಿತು ಎಂದಳು ತಾಯಿ. ಔಷಧಿ ಎಂದರೆ ಗಾಜಿನ ಬಳೆಯೇನು ಎಂದು ಬೈದು ಇನ್ನೊಂದು ಕೊಟ್ಟೆ. ಅದೂ ಒಡೆಯಿತು. ಆಗ ಡಾಕ್ಟರು ಬೆಕ್ಕನ್ನು ಕಣ್ಣಾರೆ ನೋಡದೆ ಮತ್ತೆ ಕೊಡುವುದಿಲ್ಲ ಎಂದರು. ನಾಳೆ ಬಂದು ಕರೆದೊಯ್ಯುತ್ತೇನೆ ಎಂದು ನಾನು ಪೇಂಟರನಿಗೆ ಫೋನು ಮಾಡಿ ಹೇಳಿದೆ.

ಮರುದಿನ ಅವನು ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಸೊಂಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಮುಚ್ಚಳದ ಬುಟ್ಟಿ ಸಿದ್ಧವಾಗಿತ್ತು.

"ಹುಷಾರು ಅಕ್ಕ. ಇವತ್ತು ಯಾಕೋ ಸ್ವಲ್ಪ ಸಿಡುಕು."

ಬುಟ್ಟಿಯೊಳಗೆ ಗುದ್ದಾಟ ನಡೆದಿತ್ತು. ಜನ್ಮದಲ್ಲಿ ಪಂಜ ಎತ್ತದ ಮೇಸ್ತ್ರಿಗೆ ಈ ವಯಸ್ಸಿನಲ್ಲಿ ಎಲ್ಲಿಂದ ಬಂತು ಶಕ್ತಿ ಎಂದು ಮುಚ್ಚಳ ಸರಿಸಿದೆ. ಬಿಳಿ ಮುಖ, ಕಣ್ಣಿನ ಮೇಲೆ ಕಂದು ಮಚ್ಚೆ. ಬಣ್ಣ ಅದೇ, ಅಂಚಿನ ಡೊಂಕೂ ಅದೇ. ಹತ್ತಿರ ಬಗ್ಗಿದರೆ ಗಟ್ಟಿ ಚಹಾದ ವಾಸನೆ ಬಂತು.

"ಇದು ಯಾರಪ್ಪ?"

"ಮೇಸ್ತ್ರಿ ಅಲ್ವಾ ಅಕ್ಕ."

"ಮೇಸ್ತ್ರಿಗೆ ಮಚ್ಚೆ ಇದ್ದದ್ದು ಎಡಗಣ್ಣಿಗೆ. ಇದಕ್ಕೆ ಬಲಗಣ್ಣಿಗಿದೆ."

ಅವನು ಜೇಬಿನಿಂದ ಫೋನು ತೆಗೆದು ಫೋಟೋ ನೋಡಿದ. ಗುಬ್ಬಿ ಬೀರುವಿನ ಕನ್ನಡಿಯ ಮುಂದೆ ಬೆಕ್ಕನ್ನು ಹೆಗಲಿಗೇರಿಸಿಕೊಂಡು ತಾನೇ ತೆಗೆದುಕೊಂಡ ಫೋಟೋ. ಅವನು ಒಮ್ಮೆ ಫೋಟೋ, ಒಮ್ಮೆ ಬೀರು ನೋಡಿದ. "ಕನ್ನಡಿ" ಎಂದು ಅಲ್ಲೇ ಗೋಡೆಗೊರಗಿ ಕೂತುಬಿಟ್ಟ.

"ಬಣ್ಣ ಸರಿ ಇದೆ ತಾನೆ ಅಕ್ಕ?" ಎಂದು ಕೇಳಿದ. "ಗೋಡೆ ಬಣ್ಣ ನೆಕ್ಕಿದ್ರೆ ವಿಷ ಅಂತ ಚಹಾದಲ್ಲೇ ಮಾಡಿದೆ. ಮೂರು ಸಲ ಹಚ್ಚಬೇಕಾಯ್ತು."

ನನಗೆ ಸಿಟ್ಟು ನೆತ್ತಿಗೇರಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲ ಎಂದುಕೊಂಡೆಯಾ, ಬೀದಿಯ ಬೆಕ್ಕಿಗೆ ಆ ಸೂಜಿ ಚುಚ್ಚಿದ್ದರೆ ಅದು ಸಾಯುತ್ತಿತ್ತು ಗೊತ್ತಾ, ಆ ಬಾಟಲಿಗಾಗಿ ಬೇರೆ ಪ್ರಾಣಿಗಳು ಕಾಯುತ್ತಿವೆ ಎಂದು ಒಂದೇ ಉಸಿರಿಗೆ ಕೂಗಾಡಿದೆ. ಕೆಳಗೆ ಸೈಕಲ್ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ.

"ದೊಡ್ಡಾಸ್ಪತ್ರೇಲಿ ಗುಬ್ಬಿಗೆ ಪುಕ್ಕಟೆ ಕೊಡ್ತಿದ್ರು. ಸ್ಟಾಕ್ ಬಂದಿಲ್ಲ, ಮುಂದಿನ ವಾರ ಬನ್ನಿ ಅಂತಾನೇ ಇದಾರೆ" ಎಂದ. "ಹೊರಗಡೆ ತಗೊಳ್ಳೋಕೆ ನನ್ನ ಕೈಲಿ ಆಗಲ್ಲ. ಮನೇಲಿ ಇದ್ದದ್ದು ಮೇಸ್ತ್ರಿದು ಮಾತ್ರ."

"ಮೇಸ್ತ್ರಿ ಎಲ್ಲಿ?"

"ಹಿತ್ತಲಲ್ಲಿ ಅತ್ತೆ. ನುಗ್ಗೆ ಗಿಡದ ಹತ್ರ" ಎಂದದ್ದು ಅವನಲ್ಲ. ಒಳಗಿನ ಅರ್ಧ ಕೋಣೆಯಿಂದ ಗುಬ್ಬಿ ಬಂದಿದ್ದಳು. ಅವಳನ್ನು ನೋಡಿ ನನ್ನ ಬೈಗುಳ ಬಾಯಲ್ಲೇ ಉಳಿಯಿತು. ಹುಡುಗಿ ಕಡ್ಡಿಯಾಗಿದ್ದಳು. ಮಡಕೆಯಿಂದ ಒಂದು ಲೋಟ ನೀರು ಕುಡಿದು, ಮತ್ತೊಂದು ಕುಡಿದು, ಅಪ್ಪನ ಪಕ್ಕ ಕೂತಳು.

"ಅಮ್ಮ ಮೇಸ್ತ್ರಿಗೆ ಬರೀ ನೀರು ಚುಚ್ತಿದ್ಲು. ನಾನು ನೋಡಲಿ ಅಂತ ನನ್ನ ಮುಂದೇನೇ. ಔಷಧಿಯೆಲ್ಲ ನನಗೆ."

ಪೇಂಟರ್ ಬೆಚ್ಚಿ ಮಗಳ ಕಡೆ ತಿರುಗಿದ. ಅವಳಿಗೆ ಇದು ತಿಳಿದಿಲ್ಲ ಎಂದೇ ಗಂಡ ಹೆಂಡತಿ ನಂಬಿದ್ದರು.

"ನಿನಗೆ ಹೇಗೆ ಗೊತ್ತಾಯ್ತು ಕಂದ?" ಎಂದೆ.

"ಮೇಸ್ತ್ರಿ ನೀರು ಕುಡೀತಾನೇ ಇತ್ತು. ಆ ಬಾಯಾರಿಕೆ ನನಗೆ ಗೊತ್ತಲ್ವಾ." ಬುಟ್ಟಿಯ ಸಂದಿಯಲ್ಲಿ ಬೆರಳು ತೂರಿಸಿ ಆ ಬೀದಿಬೆಕ್ಕನ್ನು ಸವರಿದಳು. "ಅಪ್ಪ ಬಣ್ಣ ಹಚ್ಚುವಾಗ ಕಡೆ ತಪ್ಪು ಅಂತಾನೂ ಗೊತ್ತಿತ್ತು. ಹೇಳ್ಲಿಲ್ಲ."

"ಯಾಕೇ?" ಎಂದ ಅಪ್ಪ.

"ಮೇಸ್ತ್ರಿ ಹೋಯ್ತು ಅಂತ ನಮ್ಮನ್ನ ಬಿಟ್ಟು ಇನ್ನೊಬ್ರಿಗಾದ್ರೂ ಗೊತ್ತಾಗ್ಲಿ ಅಂತ. ಇದನ್ನೇ ಮೇಸ್ತ್ರಿ ಮೇಸ್ತ್ರಿ ಅಂತ ಕರೀತಿದ್ರೆ, ಅದು ಸತ್ತೇ ಇಲ್ಲ ಅಂದ ಹಾಗಾಗತ್ತೆ. ನನಗೋಸ್ಕರ ಸತ್ತಿದ್ದು ಅದು."

ಮಾರನೆಯ ದಿನ ತಾಯಿಯ ಜೊತೆ ನಾನೇ ದೊಡ್ಡಾಸ್ಪತ್ರೆಗೆ ಹೋದೆ. ಲಾಡ್ಜಿನಲ್ಲಿ ರಜೆ ಕೇಳಿ ಬಂದವಳು, ಸೋಪಿಗೆ ಬಿರಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಸರತಿಯಲ್ಲಿ ನಿಂತು ಕಿಟಕಿ ಮುಟ್ಟಿದಾಗ ಅದೇ ಮಾತು, ಸ್ಟಾಕ್ ಇಲ್ಲ. ಒಳಗಿನ ಡಾಕ್ಟರು ಚೀಟಿಯಲ್ಲಿ ತುರ್ತು ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು. ಅದನ್ನು ತಂದು ಚಾಚಿದರೆ, ಕೆಂಪಲ್ಲಿ ಬರೆದರೆ ಬಾಟಲಿ ಹುಟ್ಟುತ್ತಾ ಎಂದ ಕಿಟಕಿಯವನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಾನು ಜಗಳಕ್ಕೆ ನಿಂತೆ. ಅವನು ಎದ್ದು ಹಿಂದಿನ ಬೀರುವಿನ ಎರಡೂ ಬಾಗಿಲು ತೆಗೆದು ತೋರಿಸಿದ. ನಿಜವಾಗಿಯೂ ಒಳಗೆ ಏನೂ ಇರಲಿಲ್ಲ. ಜಗಳವಾಡಲೂ ಒಬ್ಬ ಕೆಟ್ಟವನು ಸಿಗಲಿಲ್ಲವಲ್ಲ ಎಂದು ನನಗೆ ಅಳು ಬಂತು.

ಅಲ್ಲಿಂದ ಸೀದಾ ಶೆಡ್ಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ನಾನು ದನದ ಡಾಕ್ಟ್ರು ಕಣಮ್ಮ. ಮಗುವಿಗೆ ಕೊಟ್ಟು ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಈ ಶೆಡ್ಡಿಗೆ ಬೀಗ ಬೀಳತ್ತೆ. ನಮ್ಮನ್ನೇ ನಂಬಿರೋ ಮನೆಗಳು ಎಷ್ಟಿವೆ ನೋಡು."

"ಕೊಡದೆ ಏನಾದ್ರೂ ಆದ್ರೆ?"

ಅವರು ಎದ್ದು ಫ್ರಿಜ್ಜಿನ ಕಡೆ ಹೋದರು. ಫ್ರಿಜ್ಜಿನಲ್ಲಿ ಇದ್ದದ್ದು ಒಂದೇ ಒಂದು ಬಾಟಲಿ, ಚಾಕು ಸಾಣೆ ಹಿಡಿಯುವವನ ಮುದಿ ನಾಯಿಗೆಂದು ಎತ್ತಿಟ್ಟದ್ದು. ಅದನ್ನು ತೆಗೆದು ಮೇಜಿನ ಮೇಲಿಟ್ಟು, ನನಗೆ ಬೆನ್ನು ಹಾಕಿ ನಲ್ಲಿಯಲ್ಲಿ ಕೈ ತೊಳೆಯತೊಡಗಿದರು. ನಾನು ಬಾಟಲಿ ತೆಗೆದುಕೊಂಡು, ಬಾಗಿಲು ದಾಟಿ, ವ್ಯಾನು ಶುರು ಮಾಡುವವರೆಗೂ ನೀರಿನ ಸದ್ದು ನಿಲ್ಲಲಿಲ್ಲ.

ಗುಬ್ಬಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಮುಗಿದ ಮೇಲೆ ನಿಮ್ಮ ಹತ್ರ ಇನ್ನೊಂದು ಇರತ್ತಾ ಅತ್ತೆ?"

ಆ ಮನೆಯಲ್ಲಿ ಅವಳಿಗೆ ಎಲ್ಲರೂ ಸುಳ್ಳು ಹೇಳಿದ್ದರು, ಪ್ರೀತಿಯಿಂದಲೇ ಹೇಳಿದ್ದರು. ನಾನೂ ಒಂದು ಸುಳ್ಳು ಸೇರಿಸಬಾರದು ಅನ್ನಿಸಿತು.

"ಗೊತ್ತಿಲ್ಲ ಕಂದ. ಎಲ್ಲಿಂದಾದ್ರೂ ಬಂದ್ರೆ ಮೊದಲು ನಿನಗೇ ತರ್ತೀನಿ."

ಅವಳು ತಲೆಯಾಡಿಸಿ ಬಾಟಲಿಯನ್ನು ಡಬ್ಬಿಯಲ್ಲಿಟ್ಟು ಮಡಕೆಗೆ ಇಳಿಸಿದಳು. ಬೀದಿಬೆಕ್ಕು ಆಗಲೇ ಮಡಕೆಯ ಪಕ್ಕದ ಜಾಗ ಹಿಡಿದಿತ್ತು. ಅದನ್ನು ಅವಳು ಪರದೇಶಿ ಎಂದು ಕರೆಯುತ್ತಿದ್ದಳು, ಮೇಸ್ತ್ರಿ ಎನ್ನಲಿಲ್ಲ.

ಮುಂದಿನ ದಿನಗಳಲ್ಲಿ ನಾನು ಕಂಡಕಂಡಲ್ಲಿ ಕೇಳಿದೆ. ಶಾಲೆಯ ಮಕ್ಕಳ ತಾಯಂದಿರನ್ನು ಕೇಳಿದೆ, ಔಷಧಿ ಅಂಗಡಿಯವರನ್ನು ಕಾಡಿದೆ. ಯಾರ ಮನೆಯಲ್ಲಾದರೂ ಸಕ್ಕರೆ ಕಾಯಿಲೆಯವರು ತೀರಿಕೊಂಡರೇ ಎಂದು ಕಿವಿ ನೆಟ್ಟಗೆ ಮಾಡಿಕೊಂಡು ಓಡಾಡಿದೆ. ಇನ್ನೊಬ್ಬರ ಸಾವಿಗೆ ಹೀಗೆ ಕಾಯುವ ಗತಿ ಯಾರಿಗೂ ಬರಬಾರದು. ಯಾರೂ ಸಾಯಲಿಲ್ಲ.

ಒಂದು ಬೆಳಿಗ್ಗೆ ತಾಯಿಯ ಫೋನು ಬಂತು. ಗುಬ್ಬಿ ವಾಂತಿ ಮಾಡುತ್ತಿದ್ದಾಳೆ, ಉಸಿರು ಜೋರಾಗಿದೆ, ಮಾತಾಡಿಸಿದರೆ ಕಣ್ಣು ತೆಗೆಯುತ್ತಿಲ್ಲ. "ವ್ಯಾನ್ ತರ್ತೀರಾ ಅಕ್ಕ?" ಎಂದಳು. ವ್ಯಾನಿನ ತುಂಬ ಮಕ್ಕಳಿದ್ದರು, ಹಿಂದಿನ ಸೀಟಿನಲ್ಲಿ ಲೆಕ್ಕದ ಮಗ್ಗಿ ಹೇಳುತ್ತಿದ್ದರು. ಸಿಕ್ಕಿದ ಗಾಡಿ ಹಿಡಿದು ಹೊರಡು, ಇವರನ್ನು ಇಳಿಸಿ ಬಂದೆ ಎಂದೆ. ಇಳಿಸಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಪೇಂಟರ್ ಕಾರಿಡಾರಿನ ನೆಲದ ಮೇಲೆ ಕೂತಿದ್ದ. ಎದುರಿನ ಗೋಡೆಯ ಕಿತ್ತುಹೋದ ಬಣ್ಣವನ್ನೇ ನೋಡುತ್ತಿದ್ದ. ನನ್ನನ್ನು ಕಂಡು ಕೈ ಮುಗಿದ.

ಗುಬ್ಬಿಯನ್ನು ಮಣ್ಣು ಮಾಡಿ ಕೆಲವು ದಿನ ಕಳೆದು ತಾಯಿ ಶೆಡ್ಡಿಗೆ ಬಂದಳು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಡಬ್ಬಿಯನ್ನು ಉಕ್ಕಿನ ಮೇಜಿನ ಮೇಲೆ ಇಟ್ಟಳು. ಒಳಗೆ ಅದೇ ಬಾಟಲಿ, ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು.

"ಪೂರ್ತಿ ಚುಚ್ಕೊಳ್ತಾ ಇರಲಿಲ್ಲ ಅಕ್ಕ. ಇನ್ನೊಂದು ಸಿಗದೆ ಹೋದ್ರೆ ಅಂತ ಉಳಿಸ್ತಿದ್ಲು. ನಾನು ಕೆಲಸಕ್ಕೆ ಹೋಗ್ತಿದ್ದೆ, ನೋಡ್ಲಿಲ್ಲ." ಡಬ್ಬಿಯ ಮೇಲಿನ ನೀರನ್ನು ಸೆರಗಿನಿಂದ ಒರೆಸಿದಳು. "ತಣ್ಣಗೇ ಇಟ್ಟಿದೀನಿ, ಕೆಟ್ಟಿಲ್ಲ. ಯಾವುದಾದ್ರೂ ಬೆಕ್ಕಿಗೆ ಆಗಬಹುದು."

ಡಾಕ್ಟರು ನನ್ನ ಮುಖ ನೋಡಲಿಲ್ಲ. ಪರದೇಶಿಗೆ ಒಂದಿಷ್ಟು ತಿನಿಸು ಕಟ್ಟಿಕೊಟ್ಟರು. ಅದರ ಮಚ್ಚೆ ಮಾಸಿ ಬೆಳ್ಳಗಾಗಿದೆ, ಈಗ ಪೇಂಟರನ ಕಾಲ ಬಳಿಯೇ ಮಲಗುತ್ತದೆ ಎಂದಳು ತಾಯಿ.

ಬಾಟಲಿಯನ್ನು ನಾನು ಅವತ್ತೇ ಸಾಣೆಯವನ ಮನೆಗೆ ಒಯ್ದೆ. ನಾಯಿ ಬಾಗಿಲಲ್ಲಿ ಬಿದ್ದುಕೊಂಡಿತ್ತು, ಎದ್ದು ಬರಲಾರದೆ ಬಾಲ ಮಾತ್ರ ನೆಲಕ್ಕೆ ಬಡಿಯಿತು. ಅವನು ಬಾಟಲಿಯನ್ನು ಎರಡು ಕೈಯಲ್ಲಿ ಈಸಿಕೊಂಡ.

"ಯಾರ ಮನೇದಕ್ಕ ಇದು? ಅವರ ಹೊಟ್ಟೆ ತಣ್ಣಗಿರಲಿ."

ನಾವು ಹೇಳುವುದಿಲ್ಲ, ಅದು ನಿಯಮ. ನಾನು ಹೇಳಿದೆ.

"ಗುಬ್ಬಿ ಅಂತ ಒಬ್ಬಳು ಹುಡುಗಿ. ಅವಳದ್ದು. ಅವಳಿಗಿಂತ ಮೊದಲು ಒಂದು ಬೆಕ್ಕಿತ್ತು, ಅದರ ಹೆಸರು ಮೇಸ್ತ್ರಿ. ಎಡಗಣ್ಣಿನ ಮೇಲೆ ಕಂದು ಮಚ್ಚೆ."

ಅವನು ಮತ್ತೇನೂ ಕೇಳದೆ ಸಿರಿಂಜಿಗೆ ಔಷಧಿ ಎಳೆದ. ಡಾಕ್ಟರ ಮಾತು ನಿಜ, ಅವನ ಕೈ ನಡುಗಿತು. ನಾನು ನೆಲದ ಮೇಲೆ ಕೂತು ನಾಯಿಯನ್ನು ಅಲುಗದ ಹಾಗೆ ಹಿಡಿದುಕೊಂಡೆ.