ಅಮ್ಮನ ಓಲೆ, ಐದು ರೂಪಾಯಿ ಬಡ್ಡಿ

ಕನಕರಾಜನಿಗೆ ಸಂಬಳ ಬರುವುದು ಏಳನೇ ತಾರೀಕು. ಹತ್ತನೇ ತಾರೀಕಿಗೆಲ್ಲ ಅವನ ಹೆಂಡತಿ ರಾಧಾಮಣಿ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟ ನೋಟನ್ನೂ ತೆಗೆದಾಗಿರುತ್ತಿತ್ತು. ಗೌರಿಬಿದನೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಗಂಡನಿಗೆ ಓವರ್‌ಟೈಮ್ ಸೇರಿ ನಾಲ್ಕು ಸಾವಿರದ ಎಂಟುನೂರು. ಕುಡಿತವಿಲ್ಲ, ಇಸ್ಪೀಟಿಲ್ಲ. ಹಾಗಾದರೆ ದುಡ್ಡು ಎಲ್ಲಿ ಹೋಗುತ್ತದೆ?

ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಲಗ್ನಪತ್ರಿಕೆಗಳನ್ನು ಕೇಳಿದ್ದರೆ ಅವೇ ಹೇಳುತ್ತಿದ್ದವು.

ಮಗನ ನಾಮಕರಣವನ್ನು ಕನಕರಾಜ ಊರು ಮೆಚ್ಚುವಂತೆ ಮಾಡಿದ್ದ. ಜೊತೆ ಕೆಲಸದವನೊಬ್ಬನಿಂದ ಐದು ರೂಪಾಯಿ ಬಡ್ಡಿಗೆ ಹತ್ತು ಸಾವಿರ ತಂದಿದ್ದ. ಅದೂ ಸಾಲದೆ ಹೋದಾಗ ರಾಧಾಮಣಿಯ ತಾಯಿ ಚಿಕ್ಕಮುನಿಯಮ್ಮ ಕಿವಿಯ ಓಲೆ ಬಿಚ್ಚಿ ಮಗಳ ಕೈಯಲ್ಲಿಟ್ಟಳು. ಎರಡು ರೂಪಾಯಿ ಬಡ್ಡಿಗೆ ಓಲೆ ಗಿರವಿ ಅಂಗಡಿ ಸೇರಿತು, ಎಂಟು ಸಾವಿರ ಬಂತು. ನಾಮಕರಣದ ದಿನ ಬಂದವರು ಹಾಕಿದ ಮುಯ್ಯಿ ಒಂಬತ್ತು ಸಾವಿರ ಬಿತ್ತು. ಆ ದುಡ್ಡಿನಲ್ಲಿ ಸಾಲ ತೀರಿಸುವುದು ಬಿಟ್ಟು ಕಲರ್ ಟಿವಿ ತಂದರು.

ಆಮೇಲೆ ಶುರುವಾಯಿತು. ಮುಯ್ಯಿ ಹಾಕಿದವರ ಮನೆಯಲ್ಲೆಲ್ಲ ಮದುವೆ, ಗೃಹಪ್ರವೇಶ. ಅವರು ಇನ್ನೂರು ಹಾಕಿದ್ದರೆ ಇವರು ಇನ್ನೂರೈವತ್ತು ಹಾಕಬೇಕು. ಅದನ್ನೆಲ್ಲ ಬರೆದಿಡಲು ಒಂದು ಪುಸ್ತಕವಿತ್ತು. ಸಾಲಕ್ಕೆ ಮಾತ್ರ ಪುಸ್ತಕವಿರಲಿಲ್ಲ.

ರಾಧಾಮಣಿ ತವರಿಗೆ, ಕೆಂಚಾರ್ಲಹಳ್ಳಿಗೆ ಹೋದಾಗಲೆಲ್ಲ ತಾಯಿಯ ಮುಖ ನೋಡಲು ಅಂಜುತ್ತಿದ್ದಳು. ಕಿವಿಯ ತೂತು ಮುಚ್ಚದಿರಲೆಂದು ಚಿಕ್ಕಮುನಿಯಮ್ಮ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು. ಕೇಳಿದವರಿಗೆ, "ರೇಷ್ಮೆ ಹುಳಕ್ಕೆ ಸೊಪ್ಪು ಕುಯ್ಯೋವಾಗ ಓಲೆ ಸಿಕ್ಕಾಕ್ಕೊಳ್ತದೆ ಕಣಮ್ಮ, ಬಿಚ್ಚಿಟ್ಟಿದೀನಿ" ಎನ್ನುತ್ತಿದ್ದಳು. ಮಗಳ ಮಾನ ಕಾಯಲು ಊರಿಗೆಲ್ಲ ಸುಳ್ಳು ಹೇಳಿದ ತಾಯಿ ಅವಳು.

ಹೀಗೆ ಹದಿನಾಲ್ಕು ತಿಂಗಳು ಕಳೆಯಿತು. ಒಂದು ಸಂಜೆ ಪಕ್ಕದ ಮನೆಯ ಅಂಗನವಾಡಿ ಟೀಚರ್ ಆಶಾರಾಣಿಯ ಮುಂದೆ ರಾಧಾಮಣಿ ಕಣ್ಣೀರು ಹಾಕಿದಳು. ಮಹಿಳಾ ಸಂಘದ ಲೆಕ್ಕ ಬರೆಯುತ್ತಿದ್ದವಳು ಆಶಾರಾಣಿ. ನೋಟ್‌ಬುಕ್ಕು ಹಿಡಿದುಕೊಂಡೇ ಬಂದಳು.

"ಏನ್ ಟೀಚರೇ, ಲೆಕ್ಕ ಬರೆದ್ರೆ ಸಂಬಳ ಜಾಸ್ತಿ ಆಗ್ತದಾ?" ಎಂದು ಕನಕರಾಜ ನಕ್ಕ.

"ಆಗಲ್ಲಪ್ಪ. ಐದು ರೂಪಾಯಿ ಬಡ್ಡಿ ಸಾಲಕ್ಕೆ ಇದುವರೆಗೂ ಎಷ್ಟು ಕಟ್ಟಿದೀರ?"

"ತಿಂಗಳಿಗೆ ಐನೂರು. ಒಂದ್ ತಿಂಗಳೂ ತಪ್ಸಿಲ್ಲ."

"ಅಂದ್ರೆ ಏಳು ಸಾವಿರ. ಅಸಲು ಎಷ್ಟು ಉಳಿದದೆ?"

ಕನಕರಾಜ ಟಿವಿಯ ಕಡೆ ತಿರುಗಿದ. ಹತ್ತು ಸಾವಿರ ಹತ್ತು ಸಾವಿರವಾಗಿಯೇ ಕೂತಿತ್ತು.

"ಟಿವಿ ಒಂದು ಪುಕ್ಕಟೆ ಬಂತಲ್ಲ" ಎಂದ, ಮೆಲ್ಲಗೆ.

"ಯಾವ್ ಪುಕ್ಕಟೆ? ಮುಯ್ಯಿ ದುಡ್ಡು ನಿಮ್ಮ ದುಡ್ಡಲ್ಲ ಕಣಪ್ಪ, ಅದೂ ಸಾಲಾನೇ. ಆದ್ರೆ ಅದಕ್ಕೆ ಬಡ್ಡಿ ಇಲ್ಲ. ಈಗ ಐವತ್ತೊಂದು ಹಾಕಿ, ಮಿಕ್ಕಿದ್ದು ಬಾಕಿ ಅಂತ ಬರ್ಕೊಳ್ಳಿ. ಬಡ್ಡಿ ಸಾಲ ತೀರಿದ್ಮೇಲೆ ಕೊಡಿ."

"ಮುಯ್ಯಿ ಬರೆಯೋನು ಕೂಗಿ ಹೇಳ್ತಾನೆ ಟೀಚರೇ! ಮರ್ಯಾದೆ ಹೋಗ್ತದೆ."

"ನಮ್ಮಮ್ಮನ ಕಿವೀಲಿ ಕಡ್ಡಿ ಅದೆ," ಎಂದಳು ರಾಧಾಮಣಿ. "ನಿಮ್ಗೆ ಇನ್ನೂ ಮರ್ಯಾದೆ ಮಾತು."

ಆ ರಾತ್ರಿಯೇ ಬರೆದರು. ಬಾಡಿಗೆ ಏಳುನೂರು. ದಿನಸಿ, ಹಾಲು, ತರಕಾರಿಗೆ ಸಾವಿರದ ಒಂಬೈನೂರು. ಔಷಧಿ, ಬಸ್ಸು, ಸೀಮೆಎಣ್ಣೆಗೆ ನಾನೂರು. ಓಲೆಯ ಬಡ್ಡಿ ನೂರರವತ್ತು. ಹತ್ತು ಸಾವಿರದ ಕೈಸಾಲಕ್ಕೆ ಬಡ್ಡಿ, ಅಸಲು ಎರಡೂ ಸೇರಿ ಒಂದೂವರೆ ಸಾವಿರ. ಮುಯ್ಯಿಗೂ ಮಿಕ್ಕಿದ್ದಕ್ಕೂ ನೂರನಲವತ್ತು.

"ಅಕ್ಕ, ಮೊದ್ಲು ಓಲೆ ಬಿಡಿಸಣ" ಎಂದು ರಾಧಾಮಣಿ ಅಂಗಲಾಚಿದಳು.

"ಜಾಸ್ತಿ ಬಡ್ಡೀದು ಮೊದ್ಲು ತೀರ್ಬೇಕಮ್ಮ. ಆಮೇಲೆ ಓಲೆ. ಎಲ್ಲಾ ಸೇರಿ ಒಂದೂಕಾಲು ವರ್ಷ."

ರಾಧಾಮಣಿ ಹೆದರುತ್ತಲೇ ತಾಯಿಗೆ ಹೇಳಿದಳು. ಚಿಕ್ಕಮುನಿಯಮ್ಮ ಮಗಳ ತಲೆ ಸವರಿ, "ಟೀಚರಮ್ಮ ಹೇಳಿದಂಗೇ ಮಾಡು. ನನ್ ಕಿವಿ ಎಲ್ಲಿಗೂ ಓಡೋಗಲ್ಲ" ಎಂದಳು.

ಮಂಡಿಕಲ್ಲಿನ ಮದುವೆಯಲ್ಲಿ "ಕನಕರಾಜು, ಐವತ್ತೊಂದು!" ಎಂದು ಕೂಗಿದಾಗ ಅವನು ಊಟಕ್ಕೂ ನಿಲ್ಲದೆ ಬಂದ. ಆದರೆ ಸಂಬಳದ ದಿನ ಕಂತು ಕಟ್ಟುವುದನ್ನು ಮಾತ್ರ ತಪ್ಪಿಸಲಿಲ್ಲ. ಆರು ತಿಂಗಳಲ್ಲಿ ಹತ್ತು ಸಾವಿರ ಮೂರು ಸಾವಿರದ ಚಿಲ್ಲರೆಗೆ ಇಳಿಯಿತು. ಪುಸ್ತಕ ತೆರೆದು ಆ ಅಂಕಿಯನ್ನು ರಾಧಾಮಣಿ ದಿನಕ್ಕೆರಡು ಸಲ ನೋಡುತ್ತಿದ್ದಳು.

ಏಳನೇ ತಿಂಗಳು ಚಿಕ್ಕಮುನಿಯಮ್ಮ ತೀರಿಕೊಂಡಳು. ಬೆಳಿಗ್ಗೆ ಎದೆನೋವು ಎಂದಳು. ಚಿಂತಾಮಣಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಹೆಣಕ್ಕೆ ಅರಿಶಿನ ಹಚ್ಚಿ, ಹೂ ಮುಡಿಸಿ, ಹಸಿರು ಬಳೆ ತೊಡಿಸಿದರು. ನೆರೆಮನೆಯ ಅಕ್ಕಯಮ್ಮ ಕೇಳಿದಳು: "ಓಲೆ ಎಲ್ಲಮ್ಮ? ಸೊಪ್ಪು ಕುಯ್ಯೋಕೆ ಬಿಚ್ಚಿಟ್ಟಿದೀನಿ ಅಂತಿದ್ಲಲ್ಲ. ತತ್ತಾ, ಮುತ್ತೈದೆನ ಬರಿ ಕಿವೀಲಿ ಕಳಿಸ್ತಾರಾ?"

ರಾಧಾಮಣಿಗೆ ತಾಯಿ ಹೇಳಿದ್ದ ಸುಳ್ಳನ್ನು ಮುಂದುವರಿಸಲೂ ಆಗಲಿಲ್ಲ, ನಿಜ ಹೇಳಲೂ ಆಗಲಿಲ್ಲ. ಕೆನ್ನೆಗೆ ಕೆನ್ನೆಯಿಟ್ಟು ಅತ್ತಳು. ಬೇವಿನ ಕಡ್ಡಿ ಅವಳ ಕೆನ್ನೆಗೆ ಒತ್ತುತ್ತಿತ್ತು. ಆ ಕಡ್ಡಿಯೊಂದಿಗೇ ತಾಯಿಯನ್ನು ಮಣ್ಣು ಮಾಡಿದರು.

ಗಂಡುಮಕ್ಕಳಿಲ್ಲದ ಮನೆ. ತಿಥಿಯ ಮಾತು ಬಂದಾಗ ರಾಧಾಮಣಿಯ ಸೋದರಮಾವ ಕೋನಪ್ಪ ಅಳಿಯನ ಕಡೆ ತಿರುಗಿದ. "ಊರಿಗೆಲ್ಲ ಊಟ ಹಾಕ್ಬೇಕಪ್ಪ. ಇಪ್ಪತ್ತು ಸಾವಿರ ನಾನು ಕೊಡಿಸ್ತೀನಿ, ಬರೀ ಮೂರು ರೂಪಾಯಿ ಬಡ್ಡಿ."

ಮರ್ಯಾದೆ ಎಂದರೆ ಪ್ರಾಣ ಬಿಡುವ ಗಂಡ ಹೂಂ ಎಂದೇಬಿಡುತ್ತಾನೆ ಎಂದುಕೊಂಡಳು ರಾಧಾಮಣಿ.

ಕನಕರಾಜ ತಲೆ ತಗ್ಗಿಸಿಯೇ ಹೇಳಿದ: "ಬೇಡ ಮಾವ. ಅತ್ತೆ ಓಲೆ ಅಂಗಡೀಲಿದೆ. ನಾನೇ ಇಡಿಸಿದ್ದು, ನಾಕು ಜನದ ಮುಂದೆ ಮೆರೆಯೋಕೆ. ಈಗ ಅವರ ಹೆಸರಲ್ಲಿ ಇನ್ನೊಂದು ಸಾಲ ಮಾಡಲ್ಲ. ಮನೆಯವರಿಗೆ ಮುದ್ದೆ ಸಾರು ಮಾಡಣ."

ಯಾರೋ ಗೊಣಗಿದರು. ರಾಧಾಮಣಿಯ ತಂದೆ ಮುನಿನಾರಾಯಣಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡು, "ಅಳಿಯ ಹೇಳಿದಂಗೇ ಆಗ್ಲಿ" ಎಂದ.

ಒಂಬತ್ತನೇ ತಿಂಗಳು ಕೈಸಾಲ ತೀರಿತು. ಹದಿನೈದನೇ ತಿಂಗಳು ಓಲೆ ಬಂತು. ಆಶಾರಾಣಿಯ ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ತಪ್ಪಿದ್ದು ಶುರುಮಾಡಿದ ದಿನ. ನಾಮಕರಣದ ಮಾರನೇ ತಿಂಗಳೇ ಆ ಪುಸ್ತಕ ತೆರೆದಿದ್ದರೆ ಚಿಕ್ಕಮುನಿಯಮ್ಮ ಓಲೆ ಇಟ್ಟುಕೊಂಡೇ ಹೋಗುತ್ತಿದ್ದಳು. ರಾಧಾಮಣಿ ಓಲೆಯನ್ನು ಕಿವಿಗೆ ಹಾಕಿಕೊಂಡಿಲ್ಲ. ಲೆಕ್ಕದ ಪುಸ್ತಕದ ಪಕ್ಕದಲ್ಲಿಟ್ಟಿದ್ದಾಳೆ. ಪ್ರತಿ ಏಳನೇ ತಾರೀಕು ಗಂಡ ಹೆಂಡತಿ ಎರಡನ್ನೂ ತೆಗೆದು ಕೂರುತ್ತಾರೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಬಡ್ಡಿ ಮಾತ್ರ ಕಟ್ಟುತ್ತಿದ್ದೀರಾ? ಎರಡು ರೂಪಾಯಿಯ ಒಂದು ನೋಟ್‌ಬುಕ್ಕು ಸಾಕು. ಬರುವುದೆಷ್ಟು, ಹೋಗುವುದೆಷ್ಟು, ಅಸಲು ಎಷ್ಟಿದೆ, ಗಂಡ ಹೆಂಡತಿ ಕೂತು ಬರೆಯಿರಿ. ಹೆಚ್ಚು ಬಡ್ಡಿಯ ಸಾಲಕ್ಕೆ ಅಸಲು ಸೇರಿಸಿ ಮೊದಲು ಕಟ್ಟಿ. ಗೊತ್ತಾಗದಿದ್ದರೆ ನಿಮ್ಮೂರಿನ ಸಂಘದವರನ್ನು ಕೇಳಿ, ನಾಚಿಕೆ ಬೇಡ. ಮುಂದಿನ ತಿಂಗಳು ನೋಡೋಣ ಎನ್ನುವ ಮೊದಲು ನಿಮ್ಮ ತಾಯಿಯ ಕಿವಿಯನ್ನೊಮ್ಮೆ ನೋಡಿ.