ಬಾವಿಯಲ್ಲಿದ್ದ ಭರಮಪ್ಪ

ಭರಮಪ್ಪ ಬದುಕಿದ್ದಾನೋ ಸತ್ತಿದ್ದಾನೋ ಎಂಬುದು ಅಂದು ಜೇವರ್ಗಿಯ ಮಟ್ಟಿಗೆ ಬಹು ಗಂಭೀರವಾದ ಪ್ರಶ್ನೆಯಾಗಿತ್ತು. ಭರಮಪ್ಪ ಎಂಬುವನು ಹುಟ್ಟಿಯೇ ಇರಲಿಲ್ಲ ಎಂಬುದು ಬೇರೆ ಮಾತು. ನಿಜವಾಗಿ ಸತ್ತಿದ್ದವರು ಅಬ್ದುಲ್ ಗನಿ. ಅವರ ಜನಾಜಾಕ್ಕೆ ಮುಂದಿನಿಂದ ಹೆಗಲು ಕೊಟ್ಟು ಗಿರಣಿ ಜಗದೇವ ಖಬರಸ್ತಾನದ ಕಡೆಗೆ ಹೆಜ್ಜೆ ಹಾಕುತ್ತಿದ್ದ. ಹೆಗಲ ಮೇಲೆ ಗೆಳೆಯ, ತಲೆಯೊಳಗೆ ಭರಮಪ್ಪ.

ಬೆಳಿಗ್ಗೆ ಅಂಗಳದಲ್ಲಿ ಅವನು ಗನಿಸಾಬರ ಮಗ ಮುಸ್ತಕೀಮನನ್ನು ಮೂಲೆಗೆ ಕರೆದು, ಅಪ್ಪನ ಹಸಿರು ವಹಿ ಬೇಕಿತ್ತು ಎಂದು ಕೇಳಿದ್ದ. ಮುಸ್ತಕೀಮ ಸರ್ವೇಯರ್. ಗೇಣು ನೆಲದ ವಿಷಯದಲ್ಲೂ ಸುಳ್ಳು ಬರೆಯದವನು, ಐದು ಹೊತ್ತಿನ ನಮಾಜು ತಪ್ಪಿಸದವನು.

"ಕಾಕಾ, ದಾಳದ ಮಾತು ಮಂದಿ ಮುಂದ ತೆಗೀಬ್ಯಾಡ್ರಿ. ಅಬ್ಬಾ ಜೂಜು ಆಡ್ತಿದ್ರು ಅಂತಾರ."

"ಜೂಜಲ್ಲೋ ಅದು. ಕತಿ."

"ನಿಮಗ ಗೊತ್ತು. ಊರಿಗೇನು ಗೊತ್ತು? ಆ ವಹಿ, ಕಾಗದಾ ಎಲ್ಲಾ ನಾಳಿಗಿ ಭೀಮಾದಾಗ ಬಿಡ್ತೇನಿ."

ಅಲ್ಲಿಗೆ ಭರಮಪ್ಪನೂ ಭೀಮಾ ನದಿಯ ಪಾಲು. ಜಗದೇವನಿಗೆ ಉಳಿದಿದ್ದು ಒಂದು ದಿನ.

*

ಗನಿಸಾಬರು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಒಮ್ಮೆ ಹೈದರಾಬಾದ್ ಬಸ್ಸಿನಲ್ಲಿ ಯಾರೋ ಪೆಟ್ಟಿಗೆಯೊಂದನ್ನು ಮರೆತು ಹೋದರು. ಒಳಗೆ ಇಪ್ಪತ್ತು ಮುಖದ ಒಂದು ದಾಳ, ಇಂಗ್ಲಿಷಿನ ಒಂದು ದಪ್ಪ ಪುಸ್ತಕ. ಆರು ತಿಂಗಳಾದರೂ ಕೇಳಿಕೊಂಡು ಯಾರೂ ಬರಲಿಲ್ಲ. ಗನಿಸಾಬರು ಡಿಕ್ಷನರಿ ಇಟ್ಟುಕೊಂಡು ವರ್ಷವಿಡೀ ಆ ಪುಸ್ತಕ ಓದಿದರು. ಆಟವೆಂದರೆ ಇಷ್ಟು: ಒಬ್ಬರು ಕತೆ ಹೇಳುವುದು, ಉಳಿದವರು ಅದರೊಳಗಿನ ಮನುಷ್ಯರಾಗಿ ತಾವೇನು ಮಾಡುತ್ತೇವೆಂದು ಹೇಳುವುದು. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಹನ್ನೊಂದು ವರ್ಷ, ಪ್ರತಿ ಐತಾರ, ಗಿರಣಿ ನಿಲ್ಲಿಸಿದ ಮೇಲೆ, ಅಲ್ಲೇ ಆಟ. ಜಗದೇವ ಭರಮಪ್ಪನಾಗುತ್ತಿದ್ದ. ಜಗದೇವನಿಗೆ ಹಿಟ್ಟಿನ ಧೂಳಿನಿಂದ ದಮ್ಮು, ಮೊಣಕಾಲಿಗೆ ಪಟ್ಟಿ. ಭರಮಪ್ಪ ಮಾತ್ರ ಒಂದೇ ನೆಗೆತಕ್ಕೆ ಕೋಟೆ ಗೋಡೆ ಹತ್ತುತ್ತಿದ್ದ. ನರ್ಸ್ ಮಧುಮತಿ ಕತೆಯೊಳಗೆ ಹಡಗಿನ ಒಡತಿ. ಊರಲ್ಲಿ ಹಡಗು ನೋಡಿದವರು ಯಾರೂ ಇರಲಿಲ್ಲವಾದ್ದರಿಂದ ತಪ್ಪು ಹಿಡಿಯುವವರೂ ಇರಲಿಲ್ಲ.

ಎರಡು ತಾಸಿನ ಆಟಕ್ಕೆ ಗನಿಸಾಬರದು ಆರು ದಿನದ ತಯಾರಿ. ಮುಂದಿನ ಕತೆಯನ್ನು ಹಸಿರು ವಹಿಯಲ್ಲಿ, ಕೋಟೆ, ಸುರಂಗಗಳ ನಕಾಶೆಯನ್ನು ಹಳೆಯ ಟೈಮ್‌ಟೇಬಲ್ಲುಗಳ ಬೆನ್ನಿಗೆ ಬರೆಯುತ್ತಿದ್ದರು. ಒಮ್ಮೆ ಇಜೇರಿಯ ಹಾಳು ಬಾವಿಗೆ ಹೋಗಿ ಕಲ್ಲು ಒಗೆದು, ಸಪ್ಪಳ ಬರುವತನಕ ಎಣಿಸಿ ಬಂದಿದ್ದರು. ಪಕ್ಕೆಲುಬು ಮುರಿದವನು ನೀರಲ್ಲಿ ಎಷ್ಟು ಹೊತ್ತು ತೇಲಬಲ್ಲ ಎಂದು ಆಸ್ಪತ್ರೆಗೇ ಹೋಗಿ ಮಧುಮತಿಯನ್ನು ವಿಚಾರಿಸಿದ್ದರು. ಆಕೆ ಗಾಬರಿಯಾಗಿ, ಯಾರು ಬಿದ್ದಾರ್ರಿ, ಅಂದಿದ್ದಳು.

ಬಿದ್ದವನು ಭರಮಪ್ಪ. ಕಳೆದ ಐತಾರ ಅವನನ್ನು ಬಾವಿಗೆ ಕೆಡವಿದ ಗನಿಸಾಬರು ವಹಿ ಮುಚ್ಚಿ ಎದ್ದುಬಿಟ್ಟರು.

"ಏ ಸಾಬ, ಬದುಕ್ಯಾನೋ ಇಲ್ಲೋ ಹೇಳಿ ಹೋಗು."

"ಒಬ್ಬನ ಸಾವು ಬದುಕಿನ ಮಾತದ ಜಗದೇವ. ತಯಾರಿ ಇಲ್ದೆ ಹೆಂಗ ಹೇಳಲಿ? ಬರೋ ಐತಾರ ಹೇಳ್ತೇನಿ."

ಶನಿವಾರ ನಸುಕಿನಲ್ಲಿ ಎದೆ ಹಿಡಿದುಕೊಂಡವರು ಆಸ್ಪತ್ರೆ ಮುಟ್ಟಲಿಲ್ಲ.

*

ಖಬರಸ್ತಾನದಲ್ಲಿ ನಮಾಜಿಗೆ ಸಾಲು ನಿಂತಿತು. ಜಗದೇವ ಪಕ್ಕಕ್ಕೆ, ಬೇವಿನ ಗಿಡದ ಕೆಳಗೆ ನಿಂತ. ಮುಸ್ತಕೀಮ ಮುಂದೆ ಬಂದು ಎಲ್ಲರಿಗೂ ಕೇಳುವಂತೆ ಅಂದ: "ನಮ್ಮ ಅಬ್ಬಾನ ಮ್ಯಾಲ ಯಾರದರೆ ಸಾಲ, ಹಕ್ಕು ಉಳಿದಿದ್ರ ಹೇಳ್ರಿ, ನಾ ತೀರಿಸ್ತೇನಿ. ಇಲ್ಲಂದ್ರ ಮಾಫ್ ಮಾಡ್ರಿ."

ಈ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ. ಮಾಫ್, ಮಾಫ್ ಎಂಬ ಗುಜುಗುಜು ಎದ್ದು, ನಮಾಜು ಮುಂದುವರಿಯುತ್ತದೆ. ಜಗದೇವನಿಗೂ ಅದು ಗೊತ್ತಿತ್ತು. ಈಗ ಸುಮ್ಮನಿದ್ದರೆ ಮಾಫ್ ಮಾಡಿದಂತೆ ಎಂಬುದೂ ಗೊತ್ತಿತ್ತು. ಕೈ ತನ್ನಷ್ಟಕ್ಕೆ ಮೇಲೆದ್ದಿತು.

"ನಂದೊಂದು ಉಳದದ."

ಸಾಲುಗಳೆಲ್ಲ ಹೊರಳಿದವು. ಮುಸ್ತಕೀಮನ ಮುಖ ಕಫನಿನ ಬಟ್ಟೆಯಷ್ಟು ಬಿಳುಪಾಯಿತು. ಮಸೀದಿಯ ಹಿರಿಯ ಹಸನಸಾಬರು, ಏನದ ಹೇಳಪ್ಪ, ಅಂದರು.

ದಾಳದ ಮಾತು ತೆಗೆಯುವಂತಿಲ್ಲ. ಜಗದೇವ ಹುಡುಕಾಡಿ ಹೇಳಿದ: "ನನ್ನ ಮನುಷ್ಯ ಒಬ್ಬ ಬಾವ್ಯಾಗ ಬಿದ್ದಾನ್ರಿ. ಬದುಕ್ಯಾನೋ ಇಲ್ಲೋ, ಗನಿಸಾಬ ಹೇಳಾಂವಿದ್ದ."

ಬೋರ್‌ವೆಲ್ ಲಾರಿಯ ಚಾಂದಪಾಶಾ ಹಿಂದಿನ ಸಾಲಿನಿಂದ ಎರಡು ಹೆಜ್ಜೆ ಹೊರಬಂದು, ಯಾವ ಬಾವಿ, ಹಗ್ಗ ಗಾಡ್ಯಾಗೇ ಅದ, ಅಂದ.

"ಕತಿಯಾಗಿನ ಬಾವಿ," ಅಂದ ಜಗದೇವ, ನೆಲ ನೋಡುತ್ತ.

ಯಾರೂ ನಗಲಿಲ್ಲ. ನಗುವ ಜಾಗವಲ್ಲ ಅದು. ಹಸನಸಾಬರು ಗಡ್ಡ ಸವರುತ್ತ ಕೇಳಿದರು.

"ಹೇಳ್ತೇನಿ ಅಂತ ಮಾತು ಕೊಟ್ಟಿದ್ರೇನು?"

"ಹೌದ್ರಿ, ಕೊಟ್ಟಿದ್ದ."

"ಕೊಟ್ಟ ಮಾತೂ ಹಕ್ಕೇ." ಹಸನಸಾಬರು ಮುಸ್ತಕೀಮನತ್ತ ತಿರುಗಿದರು. "ತೀರಿಸ್ತೀಯೇನಪ್ಪ?"

ಇನ್ನೂರು ಜನ ನೋಡುತ್ತಿದ್ದರು. ಅಪ್ಪ ನಡುವೆ ಮಲಗಿದ್ದ.

"ತೀರಿಸ್ತೇನ್ರಿ," ಅಂದ ಮುಸ್ತಕೀಮ.

*

ಮರುದಿನದ ಐತಾರ ಬಿಟ್ಟು ಮುಂದಿನ ಐತಾರ ನಾಲ್ಕಕ್ಕೆ ಮುಸ್ತಕೀಮ ವಹಿ, ದಾಳದ ಪೆಟ್ಟಿಗೆ ಹಿಡಿದು ಗಿರಣಿಗೆ ಬಂದ. ಅವನ ತಯಾರಿಯಲ್ಲಿ ಕೊರತೆ ಇರಲಿಲ್ಲ. ಇಜೇರಿಗೆ ಹೋಗಿ ಬಾವಿಯನ್ನು ಟೇಪಿನಿಂದಲೇ ಅಳೆದು, ಅಪ್ಪನ ಅಂದಾಜನ್ನು ನಾಲ್ಕು ಅಡಿ ತಿದ್ದಿದ್ದ. ಅಪ್ಪ ವಹಿಯಲ್ಲಿ ಬರೆದಿಟ್ಟಿದ್ದನ್ನು ಪಂಚನಾಮೆಯ ದನಿಯಲ್ಲಿ ಓದತೊಡಗಿದ: ಸದರಿ ಭರಮಪ್ಪ ಪೂರ್ವದ ಗೋಡೆಗೆ ಆತುಕೊಂಡು ನೀರಿನಲ್ಲಿದ್ದಾನೆ. ದಾಳ ಹತ್ತು ದಾಟಿದರೆ ಹಗ್ಗ ಕೈಗೆ ಸಿಗುತ್ತದೆ.

ದಾಳ ಇದ್ದ ಪೆಟ್ಟಿಗೆಯನ್ನು ಜಗದೇವನತ್ತ ಸರಿಸಿದ. "ನಾ ಮುಟ್ಟಂಗಿಲ್ಲರಿ, ಕಾಕಾ. ನೀವೇ ಒಗೀರಿ."

ಜಗದೇವ, ಮಧುಮತಿ ಮುಖ ಮುಖ ನೋಡಿಕೊಂಡರು. ಹನ್ನೊಂದು ವರ್ಷ ದಾಳ ಒಗೆದವರು ಗನಿಸಾಬರೊಬ್ಬರೇ. ವಹಿಯನ್ನು ಅಡ್ಡ ನಿಲ್ಲಿಸಿ, ಅದರ ಹಿಂದೆ ಒಗೆದು, ತಾವೇ ನೋಡಿ, ತಾವೇ ಹೇಳುತ್ತಿದ್ದರು.

ಜಗದೇವ ಸ್ಟೀಲಿನ ತಾಟಿನಲ್ಲಿ ಒಗೆದ. ಮೂರು ಬಿತ್ತು.

ಮುಸ್ತಕೀಮ ಪುಟ ತಿರುವಿದ. ಮತ್ತೆ ತಿರುವಿದ. ಹಗ್ಗ ಹಿಡಿದು ಮೇಲೆ ಬಂದ ಭರಮಪ್ಪ ಮುಂದೇನು ಮಾಡುತ್ತಾನೆಂದು ಹನ್ನೆರಡು ಪುಟ ತುಂಬಿತ್ತು.

"ಹತ್ತರ ಕೆಳಗ ಬಿದ್ರ ಏನು ಅಂತ ಅಬ್ಬಾ ಬರದೇ ಇಲ್ಲಲ್ರಿ."

"ಸಾಯೋ ಮಾತಿದ್ದಾಗ ಹತ್ತರ ಕೆಳಗ ಎಂದೂ ಬಿದ್ದಿಲ್ಲರಿ," ಅಂದಳು ಮಧುಮತಿ. "ಹನ್ನೊಂದು ವರ್ಷದಾಗ ಒಮ್ಮೆನೂ."

ಲೆಕ್ಕದ ಮನುಷ್ಯನಿಗೆ ಆ ಲೆಕ್ಕ ಹತ್ತಲು ತುಸು ಹೊತ್ತು ಹಿಡಿಯಿತು. ಆಮೇಲೆ ಮುಸ್ತಕೀಮ ವಹಿಯನ್ನು ಎತ್ತಿ, ತಾಟಿಗೆ ಅಡ್ಡವಾಗಿ ನಿಲ್ಲಿಸಿದ. ತಾನು ಕಿಟಕಿಯತ್ತ ತಿರುಗಿ ಕೂತ.

"ಇನ್ನೊಮ್ಮೆ ಒಗೀರಿ, ಕಾಕಾ."

ಜಗದೇವ ದಾಳ ಕೈಗೆತ್ತಿಕೊಂಡ. ಅಂಗೈಯಲ್ಲಿ ಹೊರಳಿಸಿದ. ಬಹಳ ಹೊತ್ತು ಹೊರಳಿಸಿ, ಮತ್ತೆ ಪೆಟ್ಟಿಗೆಯಲ್ಲಿಟ್ಟು, ವಹಿಯನ್ನು ಮಲಗಿಸಿದ.

"ಬ್ಯಾಡೋ. ಬಿದ್ದದ್ದೇ ಬರಕೋ."

ಮುಸ್ತಕೀಮ ಪೆನ್ನು ತೆಗೆದು, ಅಪ್ಪನ ಅಕ್ಷರದ ಕೆಳಗೆ ಬರೆದ: ಭರಮಪ್ಪ ಬಾವಿಯಲ್ಲಿ ಸತ್ತ. ಆಗ ಸಮಯ ನಾಲ್ಕು ಗಂಟೆ ಇಪ್ಪತ್ತು ನಿಮಿಷ.